ವಿಎಂ ಒಳಗಿನ ಲಿನಕ್ಸ್‌ಗೆ ನೆಟ್ ಬರುತ್ತಿಲ್ಲವೇ? ಕೇಬಲ್‌ನಿಂದ ಶುರು ಮಾಡಿ

"ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಹಾಕಿದೆ. ನೆಟ್ ಬರ್ತಾ ಇಲ್ಲ. ಏನ್ ಮಾಡ್ಲಿ?" ಓದುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಸಾಲು ಇರುತ್ತದೆ: "ಎಲ್ಲಾ ಸೆಟ್ಟಿಂಗೂ ಬದಲಾಯಿಸಿ ನೋಡಿದೆ." ಅರ್ಧ ತೊಂದರೆ ಅಲ್ಲೇ ಶುರುವಾಗಿರುತ್ತದೆ. ಮೊದಲು ಕೆಟ್ಟಿದ್ದು ಒಂದು, ಸರಿಮಾಡಲು ಹೋಗಿ ಕೆಡಿಸಿಕೊಂಡಿದ್ದು ಮೂರು. (ಹೊಸಬರಿಗೆ: ವಿಎಂ ಅಂದರೆ ವರ್ಚುವಲ್ ಮಶೀನ್, ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್. ಅದನ್ನು ಓಡಿಸುವ ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸ್. ಉಬುಂಟು ಲಿನಕ್ಸ್‌ನ ಒಂದು ಬಗೆ.)

ಮನೆಯ ನಲ್ಲಿಯಲ್ಲಿ ನೀರು ನಿಂತರೆ ನಾವು ನಲ್ಲಿಯನ್ನೇ ಬಿಚ್ಚಿ ಕೂರುವುದಿಲ್ಲ. ಸಂಪ್‌ನಲ್ಲಿ ನೀರಿದೆಯಾ, ಮೋಟರ್ ಓಡುತ್ತಿದೆಯಾ, ಟ್ಯಾಂಕ್ ತುಂಬಿದೆಯಾ, ವಾಲ್ವ್ ತೆರೆದಿದೆಯಾ ಅಂತ ಒಂದೊಂದಾಗಿ ನೋಡುತ್ತೇವೆ. ಇಲ್ಲೂ ಹಾಗೇ. ಕೇಬಲ್ ಸಿಕ್ಕಿಸಿದೆಯಾ, ನೆಟ್‌ವರ್ಕ್ ಕಾರ್ಡ್ ಕಾಣುತ್ತಿದೆಯಾ, ವಿಳಾಸ ಸಿಕ್ಕಿದೆಯಾ, ಹೊರಗೆ ಹೋಗಲು ದಾರಿ ಇದೆಯಾ, ಹೆಸರನ್ನು ವಿಳಾಸಕ್ಕೆ ಬದಲಿಸಿಕೊಡುವವರು ಇದ್ದಾರಾ. ಈ ಕ್ರಮದಲ್ಲೇ ಹೋಗಿ. ನಿಂತ ಜಾಗ ಸಿಗುವವರೆಗೆ ಯಾವ ಫೈಲಿಗೂ ಕೈ ಹಾಕಬೇಡಿ.

ಶುರು ಮಾಡುವ ಮುಂಚೆ

ಜಾಸ್ತಿ ಜನ ಬಳಸುವುದು ವರ್ಚುವಲ್‌ಬಾಕ್ಸ್ ಆದ್ದರಿಂದ ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ. ನಿಮ್ಮ ಲ್ಯಾಪ್‌ಟಾಪ್‌ಗೆ ಹೋಸ್ಟ್ ಅನ್ನುತ್ತಾರೆ, ಅದರೊಳಗೆ ಓಡುವ ಲಿನಕ್ಸ್‌ಗೆ ಗೆಸ್ಟ್. ಮನೆ ಮತ್ತು ಅತಿಥಿ, ಅಷ್ಟೇ. ಗೆಸ್ಟ್‌ನಲ್ಲಿ ಸುಡೊ ಅಧಿಕಾರ, ಅಂದರೆ ಅಡ್ಮಿನ್ ಕೆಲಸ ಮಾಡುವ ಅಧಿಕಾರ, ಇರುವ ಲಾಗಿನ್ ಬೇಕು. ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಳ್ಳಿ. ವಿಎಂನ ಈಗಿನ ಸ್ಥಿತಿಯನ್ನು ಹಾಗೇ ಉಳಿಸಿಡುವ ಸೌಲಭ್ಯ ಅದು. ಕೆಟ್ಟರೆ ಎರಡು ಕ್ಲಿಕ್‌ನಲ್ಲಿ ವಾಪಸ್ ಬರಬಹುದು.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ. ಅಂಕಿ, ಚುಕ್ಕಿ, ಗೆರೆಗಳು ಇದ್ದ ಹಾಗೇ.

ಮೊದಲು ಮೋಡ್ ಯಾವುದು ಅಂತ ಗೊತ್ತಿರಲಿ

ಮೋಡ್ ಅಂದರೆ ಗೆಸ್ಟ್ ಯಾವ ಬಗೆಯಲ್ಲಿ ನೆಟ್‌ವರ್ಕ್‌ಗೆ ಸೇರಿದೆ ಎನ್ನುವುದು. ಇದು ಗೊತ್ತಿಲ್ಲದೆ ಮುಂದಿನ ಯಾವ ಹಂತವೂ ಅರ್ಥವಾಗುವುದಿಲ್ಲ. ಯಾವ ವಿಳಾಸ ಬರಬೇಕು ಎನ್ನುವುದೇ ಮೋಡ್ ಮೇಲೆ ನಿಂತಿದೆ.

ನ್ಯಾಟ್: ಹೊಸ ವಿಎಂ ಮಾಡಿದಾಗ ತಾನಾಗೇ ಬರುವುದು ಇದು. ಗೆಸ್ಟ್ ಹೋಸ್ಟ್‌ನ ಹೆಸರಿನಲ್ಲಿ ಹೊರಗೆ ಹೋಗುತ್ತದೆ. ಗೆಸ್ಟ್‌ಗೆ ಸಿಗುವ ವಿಳಾಸ 10.0.2.15, ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 10.0.2.2, ಡಿಎನ್‌ಎಸ್ (ಹೆಸರನ್ನು ವಿಳಾಸಕ್ಕೆ ಬದಲಿಸಿಕೊಡುವುದು) 10.0.2.3. ನಿಮ್ಮಲ್ಲಿ ಐದು ವಿಎಂ ಇದ್ದರೆ ಐದಕ್ಕೂ ಇದೇ 10.0.2.15 ಬರುತ್ತದೆ! ಗಾಬರಿ ಬೇಡ, ಅದು ದೋಷ ಅಲ್ಲ. ಪ್ರತಿ ವಿಎಂಗೂ ಪ್ರತ್ಯೇಕ ಪುಟ್ಟ ರೌಟರ್ ಇದೆ ಅಂದುಕೊಳ್ಳಿ. ಅದಕ್ಕೇ ನ್ಯಾಟ್‌ನಲ್ಲಿರುವ ಎರಡು ವಿಎಂಗಳು ಒಂದನ್ನೊಂದು ಮಾತಾಡಿಸಲಾರವು. ಮಾತಾಡಿಸಬೇಕಾದರೆ ಪಟ್ಟಿಯಲ್ಲೇ ಇರುವ ನ್ಯಾಟ್ ನೆಟ್‌ವರ್ಕ್ ಎಂಬ ಬೇರೆ ಆಯ್ಕೆ ಬೇಕು. ಹೆಸರು ಹತ್ತಿರ ಹತ್ತಿರ ಇರುವುದರಿಂದ ಜನ ಎಡವುವುದು ಸಹಜ.

ಬ್ರಿಡ್ಜ್ಡ್: ಗೆಸ್ಟ್ ನಿಮ್ಮ ಮನೆಯ ರೌಟರ್‌ಗೆ ಇನ್ನೊಂದು ಫೋನೋ ಲ್ಯಾಪ್‌ಟಾಪೋ ಬಂದ ಹಾಗೆ ಕಾಣುತ್ತದೆ. ವಿಳಾಸ ಕೊಡುವುದು ರೌಟರ್.

ಹೋಸ್ಟ್-ಓನ್ಲಿ: ಹೋಸ್ಟ್ ಮತ್ತು ಗೆಸ್ಟ್ ನಡುವೆ ಮಾತ್ರ. ಸಾಮಾನ್ಯವಾಗಿ ಹೋಸ್ಟ್‌ಗೆ 192.168.56.1, ಗೆಸ್ಟ್‌ಗೆ 192.168.56.101ರಿಂದ ಮೇಲಕ್ಕೆ. ಇದರಲ್ಲಿ ಇಂಟರ್ನೆಟ್ ಇರುವುದಿಲ್ಲ. ಹೋಸ್ಟ್-ಓನ್ಲಿ ಒಂದನ್ನೇ ಹಾಕಿಕೊಂಡು "ಅಪ್‌ಡೇಟ್ ಆಗ್ತಿಲ್ಲ" ಅನ್ನುವವರು ಬಹಳ.

ನನ್ನ ಸಲಹೆ: ಕಲಿಯುವವರಿಗೆ ಅಡಾಪ್ಟರ್ 1 ನ್ಯಾಟ್, ಅಡಾಪ್ಟರ್ 2 ಹೋಸ್ಟ್-ಓನ್ಲಿ. (ಅಡಾಪ್ಟರ್ ಅಂದರೆ ವಿಎಂನ ನೆಟ್‌ವರ್ಕ್ ಕಾರ್ಡ್.) ಒಂದು ಇಂಟರ್ನೆಟ್‌ಗೆ, ಇನ್ನೊಂದು ಹೋಸ್ಟ್‌ನಿಂದ ಒಳಗೆ ಬರಲು. ಮನೆಯ ಬೇರೆ ಕಂಪ್ಯೂಟರ್‌ಗಳಿಗೂ ಈ ವಿಎಂ ಸಿಗಬೇಕು ಎಂದಾಗ ಮಾತ್ರ ಬ್ರಿಡ್ಜ್ಡ್. ವೈಫೈ ಮೇಲೆ ಬ್ರಿಡ್ಜ್ಡ್ ಯಾವಾಗ ಕೈಕೊಡುತ್ತದೆ ಅಂತ ಹೇಳಲಾಗದು. ಒಂದೇ ವೈಫೈ ಕಾರ್ಡ್‌ನಿಂದ ಎರಡು ಮ್ಯಾಕ್ ವಿಳಾಸ ಬರುವುದನ್ನು, ಅಂದರೆ ಕಾರ್ಡ್‌ನ ಎರಡು ಗುರುತಿನ ಸಂಖ್ಯೆ ಬರುವುದನ್ನು, ಎಷ್ಟೋ ಆಕ್ಸೆಸ್ ಪಾಯಿಂಟ್‌ಗಳು ಒಪ್ಪುವುದಿಲ್ಲ. ಹಾಸ್ಟೆಲ್ ವೈಫೈಯಲ್ಲಿ ಲಾಗಿನ್ ಪುಟ ಬರುತ್ತದಲ್ವಾ, ಅಂಥ ಕಡೆ ಬ್ರಿಡ್ಜ್ಡ್ ವಿಎಂ ಇನ್ನೊಂದು ಹೊಸ ಸಾಧನ. ಅದಕ್ಕೂ ಬೇರೆಯಾಗಿ ಲಾಗಿನ್ ಕೇಳುತ್ತದೆ. ಬ್ರೌಸರ್ ಇಲ್ಲದ ಸರ್ವರ್‌ನಲ್ಲಿ ಆ ಪುಟ ತೆರೆಯುವುದು ಎಲ್ಲಿ? ನ್ಯಾಟ್‌ಗೆ ಬದಲಾಯಿಸಿ, ಮುಗಿಯಿತು.

ಹಂತ 1: ವಿಎಂ ಸೆಟ್ಟಿಂಗ್‌ನಲ್ಲಿ ಕೇಬಲ್

ಸೆಟ್ಟಿಂಗ್ಸ್, ನೆಟ್‌ವರ್ಕ್, ಅಡಾಪ್ಟರ್ 1. ಅಡಾಪ್ಟರ್ ಎನೇಬಲ್ ಆಗಿರಬೇಕು. ಕೆಳಗೆ ಅಡ್ವಾನ್ಸ್ಡ್ ಭಾಗದಲ್ಲಿ "ಕೇಬಲ್ ಕನೆಕ್ಟೆಡ್" ಎಂಬ ಚೌಕದಲ್ಲಿ ಟಿಕ್ ಇರಬೇಕು. ನಿಜವಾದ ಕೇಬಲ್ ಇಲ್ಲದಿದ್ದರೂ ವರ್ಚುವಲ್‌ಬಾಕ್ಸ್ ಕೇಬಲ್ ಕಿತ್ತ ಹಾಗೆ ನಟಿಸಬಲ್ಲದು.

ಅಡಾಪ್ಟರ್ ಟೈಪ್ ಇಂಟೆಲ್ ಪ್ರೊ/1000 ಇದ್ದರೆ ಹಾಗೇ ಬಿಡಿ. ಅದರ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ವರ್ಟಿಯೋ ಕೂಡ ಚೆನ್ನಾಗಿ ನಡೆಯುತ್ತದೆ. ಆಯ್ಕೆಗಳು ಮಸುಕಾಗಿ, ಬದಲಾಯಿಸಲು ಬಿಡುತ್ತಿಲ್ಲವಾದರೆ ವಿಎಂ ಓಡುತ್ತಿದೆ ಅಥವಾ ಸೇವ್ಡ್ ಸ್ಟೇಟ್‌ನಲ್ಲಿದೆ ಎಂದರ್ಥ. ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ.

ಹಂತ 2: ಲಿನಕ್ಸ್‌ಗೆ ಕಾರ್ಡ್ ಕಾಣುತ್ತಿದೆಯಾ?

ಗೆಸ್ಟ್ ಒಳಗೆ ಬಂದು ಟೈಪ್ ಮಾಡಿ:

ಐಪಿ ಲಿಂಕ್

"ಇಫ್‌ಕಾನ್ಫಿಗ್ ಕಮಾಂಡೇ ಸಿಗ್ತಿಲ್ಲ" ಎಂಬ ದೂರು ಬರುತ್ತಲೇ ಇರುತ್ತದೆ. ಅದು ನೆಟ್-ಟೂಲ್ಸ್ ಎಂಬ ಹಳೆಯ ಪ್ಯಾಕೇಜ್‌ನಲ್ಲಿದೆ, ಈಗ ಎಲ್ಲ ಕಡೆ ಅದು ತಾನಾಗೇ ಬರುವುದಿಲ್ಲ. ಅದನ್ನು ಹಾಕಿಕೊಳ್ಳಲು ನೆಟ್ ಬೇಕು, ನೆಟ್ ಇಲ್ಲ ಅಂತಲೇ ತಾನೇ ಇಲ್ಲಿ ಕೂತಿರುವುದು! ಐಪಿ ಕಮಾಂಡನ್ನೇ ರೂಢಿ ಮಾಡಿಕೊಳ್ಳಿ.

ಬರುವ ಉತ್ತರದಲ್ಲಿ ಮೊದಲನೆಯದು ಎಲ್ಒ, ಅಂದರೆ ಲೂಪ್‌ಬ್ಯಾಕ್. ಕಂಪ್ಯೂಟರ್ ತನ್ನೊಂದಿಗೆ ತಾನೇ ಮಾತಾಡಲು ಇಟ್ಟುಕೊಂಡದ್ದು, ಅದನ್ನು ಬಿಡಿ. ಎರಡನೆಯದು ನಿಮ್ಮ ಕಾರ್ಡ್. ಅದರ ಮುಂದಿನ ಕೋನಾಕಾರದ ಆವರಣದಲ್ಲಿರುವ ಪದಗಳನ್ನು ನಿಧಾನವಾಗಿ ಓದಿ. ಇಲ್ಲಿ ಮೂರು ಸಾಧ್ಯತೆ ಇವೆ.

ಎಲ್ಒ ಬಿಟ್ಟು ಬೇರೇನೂ ಇಲ್ಲ: ಎಲ್ಎಸ್‌ಪಿಸಿಐ ಎಂದು ಟೈಪ್ ಮಾಡಿ, "ಈಥರ್ನೆಟ್ ಕಂಟ್ರೋಲರ್" ಎಂಬ ಸಾಲು ಹುಡುಕಿ. ಅದೂ ಇಲ್ಲವಾದರೆ ಹಂತ 1ಕ್ಕೆ ವಾಪಸ್, ಅಡಾಪ್ಟರ್ ಎನೇಬಲ್ ಆಗಿಲ್ಲ. ಆ ಸಾಲು ಇದ್ದೂ ಐಪಿ ಲಿಂಕ್‌ನಲ್ಲಿ ಕಾಣದಿದ್ದರೆ ಡ್ರೈವರ್ ತೊಂದರೆ. ಅಡಾಪ್ಟರ್ ಟೈಪ್ ಬದಲಾಯಿಸಿ ನೋಡಿ.

"ನೋ-ಕ್ಯಾರಿಯರ್" ಎಂದಿದೆ: ಕೇಬಲ್ ಕಿತ್ತಿದೆ. ಹಂತ 1ರ ಟಿಕ್ ನೋಡಿ. ಗೆಸ್ಟ್ ಒಳಗೆ ಏನು ಮಾಡಿದರೂ ಪ್ರಯೋಜನವಿಲ್ಲ.

"ಅಪ್" ಎಂಬ ಪದವೇ ಇಲ್ಲ, ಸ್ಟೇಟ್ ಡೌನ್ ಎಂದಿದೆ: ಕಾರ್ಡ್ ಸರಿಯಾಗಿದೆ, ಅದನ್ನು ಎಬ್ಬಿಸಿ ಎಂದು ಲಿನಕ್ಸ್‌ಗೆ ಯಾರೂ ಹೇಳಿಲ್ಲ. ಮುಂದಿನ ಹಂತ ನಿಮಗಾಗಿ.

ಹಂತ 3: ಕಾರ್ಡ್‌ನ ಹೆಸರು, ಫೈಲ್‌ನಲ್ಲಿರುವ ಹೆಸರು

ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಹಾಗಾಗಿ ಸ್ವಲ್ಪ ಹೊತ್ತು ಕೂರೋಣ.

ಹಿಂದೆ ಕಾರ್ಡ್‌ಗಳ ಹೆಸರು ಈಥ್0, ಈಥ್1 ಎಂದಿರುತ್ತಿತ್ತು. ಈಗ ಕಾರ್ಡ್ ಯಾವ ಜಾಗದಲ್ಲಿ ಕೂತಿದೆ ಎನ್ನುವುದರ ಮೇಲೆ ಹೆಸರು ಬರುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಅಡಾಪ್ಟರ್ 1 ಸಾಮಾನ್ಯವಾಗಿ ಇಎನ್‌ಪಿ0ಎಸ್3. ಇಎನ್ ಅಂದರೆ ಈಥರ್ನೆಟ್, ಪಿ0 ಅಂದರೆ ಪಿಸಿಐ ಬಸ್ 0, ಎಸ್3 ಅಂದರೆ ಸ್ಲಾಟ್ 3. ಅಡಾಪ್ಟರ್ 2 ಎಸ್4 ಆಗುವುದಿಲ್ಲ, ಇಎನ್‌ಪಿ0ಎಸ್8 ಆಗುತ್ತದೆ. ವರ್ಚುವಲ್‌ಬಾಕ್ಸ್‌ನಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ವಿಎಂವೇರ್‌ನಲ್ಲಿ ಜಾಸ್ತಿ ಕಾಣುವುದು ಇಎನ್‌ಎಸ್33.

ತೊಂದರೆ ಎರಡು ಬಗೆ. ಮೊದಲನೆಯದು: ಯಾರೋ ವಿಎಂವೇರ್‌ನಲ್ಲಿ ಮಾಡಿದ ವಿಎಂ ಕೊಡುತ್ತಾರೆ, ನೀವು ವರ್ಚುವಲ್‌ಬಾಕ್ಸ್‌ಗೆ ತರುತ್ತೀರಿ. ಫೈಲ್‌ನಲ್ಲಿ ಇಎನ್‌ಎಸ್33 ಎಂದಿದೆ, ಇಲ್ಲಿರುವ ಕಾರ್ಡ್ ಇಎನ್‌ಪಿ0ಎಸ್3. ಇಲ್ಲದ ಕಾರ್ಡ್‌ಗಾಗಿ ಲಿನಕ್ಸ್ ಕಾಯುತ್ತಾ ಕೂರುತ್ತದೆ. ಬೂಟ್ ಆಗುವುದೂ ತಡವಾಗಬಹುದು.

ಎರಡನೆಯದು ಇನ್ನೂ ಸಾಮಾನ್ಯ: ಉಬುಂಟು ಸರ್ವರ್ ಹಾಕುವಾಗ ಒಂದೇ ಅಡಾಪ್ಟರ್ ಇತ್ತು. ಆಮೇಲೆ ಎರಡನೆಯದು ಸೇರಿಸಿದಿರಿ. ಕಾರ್ಡ್ ಕಾಣುತ್ತದೆ, ಆದರೆ ಫೈಲ್‌ನಲ್ಲಿ ಅದರ ಹೆಸರೇ ಇಲ್ಲ. ರೇಷನ್ ಕಾರ್ಡ್‌ನಲ್ಲಿ ಹೆಸರಿಲ್ಲದ ಹೊಸ ಸೊಸೆಯ ಕಥೆ.

ಉಬುಂಟು ಸರ್ವರ್ ಆದರೆ: ಫೈಲ್ ಇರುವುದು /ಇಟಿಸಿ/ನೆಟ್‌ಪ್ಲಾನ್ ಫೋಲ್ಡರ್‌ನಲ್ಲಿ, ಹೆಸರಿನ ಕೊನೆ .ಯಾಮಲ್. ತೆರೆದರೆ ಸುಮಾರಾಗಿ ಹೀಗಿರುತ್ತದೆ. ಕೊನೆಯ ಎರಡು ಸಾಲು ನೀವು ಸೇರಿಸಬೇಕಾದ್ದು:

ನೆಟ್‌ವರ್ಕ್:
  ವರ್ಷನ್: 2
  ಈಥರ್ನೆಟ್ಸ್:
    ಇಎನ್‌ಪಿ0ಎಸ್3:
      ಡಿಎಚ್‌ಸಿಪಿ4: ಟ್ರೂ
    ಇಎನ್‌ಪಿ0ಎಸ್8:
      ಡಿಎಚ್‌ಸಿಪಿ4: ಟ್ರೂ

ಇಲ್ಲಿ ಸಾಲಿನ ಮುಂದಿನ ಖಾಲಿ ಜಾಗವೇ ವ್ಯಾಕರಣ. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಹೊಸ ಕಾರ್ಡ್‌ನ ಹೆಸರು ಹಳೆಯ ಕಾರ್ಡ್‌ನ ಹೆಸರಿನ ನೇರ ಕೆಳಗೇ ಬರಬೇಕು. ಒಂದು ಸ್ಪೇಸ್ ಆಚೀಚೆ ಆದರೂ ಫೈಲ್ ಒಪ್ಪುವುದಿಲ್ಲ. ಮೇಲಿನ ಎರಡು ಸಾಲನ್ನು ಹಾಗೇ ಕಾಪಿ ಮಾಡಿ ಹೆಸರು ಮಾತ್ರ ಬದಲಾಯಿಸುವುದು ಕ್ಷೇಮ. ಆಮೇಲೆ:

ಸುಡೊ ನೆಟ್‌ಪ್ಲಾನ್ ಟ್ರೈ

ಎಲ್ಲರೂ ಬಳಸುವುದು ನೆಟ್‌ಪ್ಲಾನ್ ಅಪ್ಲೈ. ನನಗೆ ಟ್ರೈ ಇಷ್ಟ. 120 ಸೆಕೆಂಡ್ ಒಳಗೆ ನೀವು ಎಂಟರ್ ಒತ್ತದಿದ್ದರೆ ಹಳೆಯ ಸ್ಥಿತಿಗೆ ತಾನೇ ಮರಳುತ್ತದೆ. ದೂರದಿಂದ ಲಾಗಿನ್ ಆಗಿ ಕೆಲಸ ಮಾಡುವಾಗ ನಮ್ಮ ಕಾಲ ಕೆಳಗಿನ ಕೊಂಬೆಯನ್ನು ನಾವೇ ಕಡಿದುಕೊಳ್ಳದಂತೆ ಇದು ಕಾಪಾಡುತ್ತದೆ.

ಎಚ್ಚರಿಕೆ: ಫೈಲ್‌ನ ಹೆಸರಿನಲ್ಲಿ ಕ್ಲೌಡ್-ಇನಿಟ್ ಎಂದಿದ್ದು, ಒಳಗೆ ತಲೆಯಲ್ಲೇ "ಇಲ್ಲಿ ಮಾಡಿದ ಬದಲಾವಣೆ ರೀಬೂಟ್ ಆದಮೇಲೆ ಉಳಿಯದು" ಎಂಬರ್ಥದ ಟಿಪ್ಪಣಿ ಇದ್ದರೆ, ಆ ಫೈಲ್ ಮುಟ್ಟಬೇಡಿ. ಅದೇ ಫೋಲ್ಡರ್‌ನಲ್ಲಿ 60-ಲ್ಯಾಬ್.ಯಾಮಲ್ ಎಂಬ ಹೊಸ ಫೈಲ್ ಮಾಡಿ, ಮೊದಲ ಮೂರು ಸಾಲು ಮತ್ತು ಹೊಸ ಕಾರ್ಡ್‌ನ ವಿವರ ಹಾಕಿ. ನೆಟ್‌ಪ್ಲಾನ್ ಎಲ್ಲ ಫೈಲ್‌ಗಳನ್ನೂ ಕೂಡಿಸಿ ಓದುತ್ತದೆ. ಪರ್ಮಿಷನ್ ಬಗ್ಗೆ ಗೊಣಗಿದರೆ ಆ ಫೈಲ್‌ಗೆ ಸುಡೊ ಸಿಎಚ್‌ಮಾಡ್ 600 ಕೊಡಿ.

ಡೆಬಿಯನ್ ಸರ್ವರ್ ಆದರೆ ಫೈಲ್ /ಇಟಿಸಿ/ನೆಟ್‌ವರ್ಕ್/ಇಂಟರ್ಫೇಸಸ್. ಅಲ್ಲೂ ಇರುವ ಸಾಲುಗಳನ್ನೇ ಕಾಪಿ ಮಾಡಿ ಹೆಸರು ಬದಲಾಯಿಸಿ.

ರಾಕಿ, ಆಲ್ಮಾ, ಫೆಡೋರಾ ಆದರೆ ಫೈಲ್ ತಿದ್ದುವುದೇ ಬೇಡ. ಎನ್‌ಎಂಸಿಎಲ್ಐ ಡಿವೈಸ್ ಸ್ಟೇಟಸ್ ಎಂದು ಕೇಳಿ. ಕಾರ್ಡ್ ಮುಂದೆ "ಡಿಸ್‌ಕನೆಕ್ಟೆಡ್" ಎಂದಿದ್ದರೆ ಸುಡೊ ಎನ್‌ಎಂಸಿಎಲ್ಐ ಡಿವೈಸ್ ಕನೆಕ್ಟ್ ಇಎನ್‌ಪಿ0ಎಸ್8. ರೀಬೂಟ್ ಆದಾಗಲೆಲ್ಲ ನೆಟ್ ಹೋಗುತ್ತಿದ್ದರೆ ಆ ಕನೆಕ್ಷನ್‌ಗೆ ಆಟೊಕನೆಕ್ಟ್ ಆಫ್ ಆಗಿದೆ:

ಸುಡೊ ಎನ್‌ಎಂಸಿಎಲ್ಐ ಕನೆಕ್ಷನ್ ಮಾಡಿಫೈ ಇಎನ್‌ಪಿ0ಎಸ್8 ಕನೆಕ್ಷನ್.ಆಟೊಕನೆಕ್ಟ್ ಯೆಸ್

ಇಲ್ಲಿ ಕೊಡಬೇಕಾದ್ದು ಕನೆಕ್ಷನ್‌ನ ಹೆಸರು. ಅದು ಕೆಲವೊಮ್ಮೆ ಕಾರ್ಡ್‌ನ ಹೆಸರಿಗಿಂತ ಬೇರೆ ಇರುತ್ತದೆ. ಎನ್‌ಎಂಸಿಎಲ್ಐ ಕನೆಕ್ಷನ್ ಶೋ ಎಂದರೆ ಗೊತ್ತಾಗುತ್ತದೆ.

ಹಂತ 4: ವಿಳಾಸ

ಐಪಿ ಅಡ್ರೆಸ್

ನಿಮ್ಮ ಕಾರ್ಡ್‌ನ ಕೆಳಗೆ "ಐನೆಟ್" ಎಂದು ಶುರುವಾಗುವ ಸಾಲು ನೋಡಿ. ಮೋಡ್‌ಗೆ ತಕ್ಕ ವಿಳಾಸ ಇದ್ದರೆ ಮುಂದಿನ ಹಂತಕ್ಕೆ ಹೋಗಿ.

169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ, ಅಥವಾ ಏನೂ ಇಲ್ಲದಿದ್ದರೆ, ಡಿಎಚ್‌ಸಿಪಿ ಸಿಗಲಿಲ್ಲ ಎಂದರ್ಥ. ಡಿಎಚ್‌ಸಿಪಿ ಅಂದರೆ ಕೇಳಿದವರಿಗೆ ವಿಳಾಸ ಹಂಚುವ ವ್ಯವಸ್ಥೆ. ಯಾರೂ ಕೊಡದಿದ್ದಾಗ ಗೆಸ್ಟ್ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸವೇ 169.254. ಬ್ರಿಡ್ಜ್ಡ್‌ನಲ್ಲಿ ಹೀಗಾದರೆ ಒಂದು ಪರೀಕ್ಷೆ ಮಾಡಿ: ಮೋಡ್ ಅನ್ನು ನ್ಯಾಟ್‌ಗೆ ಬದಲಾಯಿಸಿ ವಿಎಂ ರೀಬೂಟ್ ಮಾಡಿ. 10.0.2.15 ಬಂತಾ? ಹಾಗಾದರೆ ನಿಮ್ಮ ಲಿನಕ್ಸ್ ಸರಿಯಾಗಿದೆ, ತಕರಾರು ಹೊರಗಿನದು. ಬ್ರಿಡ್ಜ್ಡ್‌ನಲ್ಲಿ ಆರಿಸಿದ ಹೋಸ್ಟ್ ಕಾರ್ಡ್ ಸರಿಯಿದೆಯಾ ನೋಡಿ. ಲ್ಯಾಪ್‌ಟಾಪ್ ವೈಫೈಯಲ್ಲಿದ್ದು, ಪಟ್ಟಿಯಲ್ಲಿ ಕೇಬಲ್ ಕಾರ್ಡ್ ಆರಿಸಿಕೊಂಡಿರುವುದು ದಿನನಿತ್ಯದ ತಪ್ಪು.

ಹೋಸ್ಟ್-ಓನ್ಲಿಯಲ್ಲಿ ವಿಳಾಸ ಬಾರದಿದ್ದರೆ ವರ್ಚುವಲ್‌ಬಾಕ್ಸ್‌ನ ಟೂಲ್ಸ್, ನೆಟ್‌ವರ್ಕ್ ಪುಟಕ್ಕೆ ಹೋಗಿ. ಅಲ್ಲಿ ಡಿಎಚ್‌ಸಿಪಿ ಸರ್ವರ್ ಆನ್ ಇದೆಯಾ ನೋಡಿ.

ಹಂತ 5: ದಾರಿ

ಐಪಿ ರೂಟ್

"ಡೀಫಾಲ್ಟ್ ವಯಾ" ಎಂದು ಶುರುವಾಗುವ ಸಾಲು ಒಂದು ಇರಬೇಕು. ನ್ಯಾಟ್‌ನಲ್ಲಿ ಅದು 10.0.2.2. ಆ ಸಾಲೇ ಇಲ್ಲದಿದ್ದರೆ ಪಿಂಗ್ ಮಾಡಿದಾಗ (ಒಂದು ವಿಳಾಸಕ್ಕೆ ಕೂಗಿ ಉತ್ತರ ಬರುತ್ತಾ ನೋಡುವ ಕಮಾಂಡ್ ಅದು) "ನೆಟ್‌ವರ್ಕ್ ಈಸ್ ಅನ್‌ರೀಚಬಲ್" ಎಂದು ತಕ್ಷಣ ಬರುತ್ತದೆ. ಊರ ಹೊರಗೆ ಹೋಗುವ ರಸ್ತೆಯೇ ಗೊತ್ತಿಲ್ಲ ಅಂತ.

ಎರಡು ಡೀಫಾಲ್ಟ್ ಸಾಲು ಇದ್ದರೆ ಇನ್ನೂ ಕಷ್ಟ. ಹೋಸ್ಟ್-ಓನ್ಲಿ ಕಾರ್ಡ್‌ಗೆ ಕೈಯಾರೆ ವಿಳಾಸ ಕೊಡುವಾಗ "ಗೇಟ್‌ವೇ ಕೇಳ್ತಿದೆಯಲ್ಲ" ಅಂತ ಸುಮ್ನೆ 192.168.56.1 ತುಂಬಿಬಿಡುತ್ತಾರೆ. ಆ ದಾರಿಯಲ್ಲಿ ಇಂಟರ್ನೆಟ್ ಇಲ್ಲ. ಎರಡು ದಾರಿಗಳಲ್ಲಿ ಮೆಟ್ರಿಕ್ ಎಂಬ ಸಂಖ್ಯೆ ಯಾವುದರದ್ದು ಚಿಕ್ಕದೋ ಲಿನಕ್ಸ್ ಅದನ್ನು ಹಿಡಿಯುತ್ತದೆ. ಮೆಟ್ರಿಕ್ ಬರೆದಿಲ್ಲದಿದ್ದರೆ ಅದು ಸೊನ್ನೆ ಎಂದೇ ಲೆಕ್ಕ, ಅಂದರೆ ಕೈಯಾರೆ ತುಂಬಿದ ತಪ್ಪು ದಾರಿಯೇ ಗೆಲ್ಲುವುದು ಜಾಸ್ತಿ. ಹೋಸ್ಟ್-ಓನ್ಲಿ ಕಾರ್ಡ್‌ಗೆ ಗೇಟ್‌ವೇ ಬೇಡವೇ ಬೇಡ. ಆ ಸಾಲು ತೆಗೆಯಿರಿ.

ಈಗ ಪಿಂಗ್ 8.8.8.8 ಮಾಡಿ. ಉತ್ತರ ಬಂದರೆ ಇಲ್ಲಿಯವರೆಗೆ ಎಲ್ಲ ಸರಿ.

ಹಂತ 6: ಹೆಸರು

ಪಿಂಗ್ ಗೂಗಲ್.ಕಾಮ್ ಮಾಡಿ. ಅಂಕಿಗೆ ಉತ್ತರ ಬಂದು, ಹೆಸರಿಗೆ "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್" ಬಂದರೆ ಡಿಎನ್‌ಎಸ್ ತೊಂದರೆ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡೈರೆಕ್ಟರಿ ಅದು.

ಇಂಥಾಗ ಹಲವರು /ಇಟಿಸಿ/ರಿಸಾಲ್ವ್.ಕಾನ್ಫ್ ತೆರೆದು 8.8.8.8 ಬರೆಯುತ್ತಾರೆ. ಆ ಹೊತ್ತಿಗೆ ನಡೆಯುತ್ತದೆ, ರೀಬೂಟ್ ಆದರೆ ಮಾಯ. ಉಬುಂಟುವಿನಲ್ಲಿ ಆ ಫೈಲ್ ಅನ್ನು ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಸೇವೆ ನೋಡಿಕೊಳ್ಳುತ್ತದೆ. ಅಲ್ಲಿ 127.0.0.53 ಎಂದಿರುವುದು ಸರಿಯೇ, ಅದನ್ನು ತಿದ್ದಬೇಡಿ. ನಿಜವಾದ ಡಿಎನ್‌ಎಸ್ ಯಾವುದು ಎಂದು ತಿಳಿಯಲು ರಿಸಾಲ್ವ್‌ಸಿಟಿಎಲ್ ಸ್ಟೇಟಸ್.

ಹೋಸ್ಟ್‌ನಲ್ಲಿ ಆಫೀಸಿನ ವಿಪಿಎನ್ ಹಾಕಿದ ಮೇಲೆ ಮಾತ್ರ ಗೆಸ್ಟ್‌ನಲ್ಲಿ ಹೆಸರು ಸಿಗುತ್ತಿಲ್ಲವಾದರೆ, ವಿಎಂ ಆಫ್ ಮಾಡಿ ಹೋಸ್ಟ್‌ನ ಟರ್ಮಿನಲ್‌ನಲ್ಲಿ ಇದನ್ನು ಕೊಡಿ. ಹೆಸರು ಹುಡುಕುವ ಕೆಲಸ ಹೋಸ್ಟ್‌ನ ಪಾಲಾಗುತ್ತದೆ:

ವಿಬಾಕ್ಸ್‌ಮ್ಯಾನೇಜ್ ಮಾಡಿಫೈವಿಎಂ "ನಿಮ್ಮ ವಿಎಂ ಹೆಸರು" --ನ್ಯಾಟ್‌ಡಿಎನ್‌ಎಸ್‌ಹೋಸ್ಟ್‌ರಿಸಾಲ್ವರ್1 ಆನ್

ವಿಂಡೋಸ್‌ನಲ್ಲಿ ಈ ಕಮಾಂಡ್ ಸಿಗದಿದ್ದರೆ ವರ್ಚುವಲ್‌ಬಾಕ್ಸ್ ಇನ್‌ಸ್ಟಾಲ್ ಆದ ಫೋಲ್ಡರ್‌ಗೆ ಹೋಗಿ ಅಲ್ಲಿಂದ ಓಡಿಸಿ.

ಪಿಂಗ್ ಎಲ್ಲ ಸರಿ, ಆದರೂ ಅಪ್‌ಡೇಟ್ ಆಗುತ್ತಿಲ್ಲವೇ? ಗಡಿಯಾರ ನೋಡಿ. ಸೇವ್ ಮಾಡಿಟ್ಟ ವಿಎಂ ಎರಡು ವಾರ ಬಿಟ್ಟು ತೆರೆದರೆ ಕೆಲವೊಮ್ಮೆ ಅದು ಹಳೆಯ ದಿನಾಂಕದಲ್ಲೇ ಇರುತ್ತದೆ, ಸರ್ಟಿಫಿಕೇಟ್‌ಗಳು ತಿರಸ್ಕಾರವಾಗುತ್ತವೆ. ಟೈಮ್‌ಡೇಟ್‌ಸಿಟಿಎಲ್ ಎಂದರೆ ದಿನಾಂಕ ಕಾಣುತ್ತದೆ.

ಹಂತ 7: ಹೊರಗಿನಿಂದ ಒಳಗೆ

ಎಸ್‌ಎಸ್‌ಎಚ್ ಅಂದರೆ ಬೇರೆ ಕಂಪ್ಯೂಟರ್‌ನಿಂದ ಟರ್ಮಿನಲ್ ಮೂಲಕ ಲಾಗಿನ್ ಆಗುವ ವಿಧಾನ. ಹೋಸ್ಟ್‌ನಿಂದ 10.0.2.15ಕ್ಕೆ ಎಸ್‌ಎಸ್‌ಎಚ್ ಮಾಡಲು ಹೋಗಬೇಡಿ, ಅದು ಆಗುವುದಿಲ್ಲ. ನ್ಯಾಟ್ ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಹೋಸ್ಟ್-ಓನ್ಲಿ ಕಾರ್ಡ್‌ನ 192.168.56 ವಿಳಾಸ ಬಳಸಿ. ಅದು ಬೇಡವೆಂದರೆ ನ್ಯಾಟ್ ಸೆಟ್ಟಿಂಗ್‌ನ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ಹೋಸ್ಟ್ ಪೋರ್ಟ್ 2222, ಗೆಸ್ಟ್ ಪೋರ್ಟ್ 22 ತುಂಬಿ. ಆಮೇಲೆ ಹೋಸ್ಟ್‌ನಲ್ಲಿ 127.0.0.1ಕ್ಕೆ, 2222 ಪೋರ್ಟ್‌ನಲ್ಲಿ ಎಸ್‌ಎಸ್‌ಎಚ್ ಮಾಡಿ.

ಹೋಸ್ಟ್-ಓನ್ಲಿ ವಿಳಾಸಕ್ಕೆ "ಕನೆಕ್ಷನ್ ರಿಫ್ಯೂಸ್ಡ್" ಬಂದರೆ ದಾರಿ ಸರಿ ಇದೆ, ಬಾಗಿಲು ತೆರೆಯುವವರಿಲ್ಲ. ಓಪನ್‌ಎಸ್‌ಎಸ್‌ಎಚ್-ಸರ್ವರ್ ಹಾಕಿದ್ದೀರಾ ನೋಡಿ. ಬಹಳ ಹೊತ್ತು ಸುಮ್ಮನಿದ್ದು "ಟೈಮ್ಡ್ ಔಟ್" ಬಂದರೆ ಫೈರ್‌ವಾಲ್ ಅಥವಾ ತಪ್ಪು ವಿಳಾಸ.

ಕ್ಲೋನ್ ಮಾಡಿದವರಿಗೆ

ಒಮ್ಮೆ ಒಂದು ಲ್ಯಾಬ್‌ಗೆಂದು ಉಬುಂಟು ಸರ್ವರ್‌ನ ಎಂಟು ಕ್ಲೋನ್, ಅಂದರೆ ಒಂದೇ ವಿಎಂನ ಯಥಾವತ್ ನಕಲು, ಮಾಡಿದ್ದೆ. ಕ್ಲೋನ್ ಮಾಡುವಾಗ ಎಲ್ಲ ಕಾರ್ಡ್‌ಗಳಿಗೂ ಹೊಸ ಮ್ಯಾಕ್ ಕೊಡುವ ಆಯ್ಕೆಯನ್ನೇ ಹಾಕಿದ್ದೆ. ಆದರೂ ಬ್ರಿಡ್ಜ್ಡ್‌ನಲ್ಲಿ ಎಲ್ಲಕ್ಕೂ ಒಂದೇ ಐಪಿ! ಅರ್ಧ ದಿನ ರೌಟರ್‌ಗೆ ಬೈದೆ. ತಪ್ಪು ನನ್ನದೇ. ಉಬುಂಟು ಸರ್ವರ್ ಡಿಎಚ್‌ಸಿಪಿ ಕೇಳುವಾಗ ಮ್ಯಾಕ್ ಬದಲು ಮಶೀನ್-ಐಡಿಯಿಂದ ಮಾಡಿದ ಗುರುತು ಹೇಳುತ್ತದೆ. ಕ್ಲೋನ್‌ಗಳಲ್ಲಿ ಆ ಐಡಿ ಒಂದೇ ಇರುತ್ತದೆ. ಪ್ರತಿ ಕ್ಲೋನ್‌ನಲ್ಲೂ ಹೀಗೆ ಮಾಡಿ ರೀಬೂಟ್ ಮಾಡಿ:

ಸುಡೊ ಟ್ರಂಕೇಟ್ -ಎಸ್ 0 /ಇಟಿಸಿ/ಮಶೀನ್-ಐಡಿ

ಫೈಲ್ ಅಳಿಸಬೇಡಿ, ಖಾಲಿ ಮಾಡಿ ಸಾಕು. ಬೂಟ್ ಆಗುವಾಗ ಹೊಸ ಐಡಿ ಹುಟ್ಟುತ್ತದೆ. ಹೊಸ ಮ್ಯಾಕ್ ಕೊಡುವ ಆಯ್ಕೆ ಮಾತ್ರ ಮರೆಯಬೇಡಿ, ಅದೂ ಬೇಕು.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಹಂತಗಳು ಇವೇ, ಅಂಕಿಗಳು ಮಾತ್ರ ಬೇರೆ. ಕೆವಿಎಂನಲ್ಲಿ ಡೀಫಾಲ್ಟ್ ನೆಟ್‌ವರ್ಕ್ 192.168.122ರಿಂದ ಶುರು. ಅದೇ ಏಳದಿದ್ದರೆ ಹೋಸ್ಟ್‌ನಲ್ಲಿ ಸುಡೊ ವಿರ್ಶ್ ನೆಟ್-ಸ್ಟಾರ್ಟ್ ಡೀಫಾಲ್ಟ್, ಖಾಯಂ ಮಾಡಲು ನೆಟ್-ಆಟೊಸ್ಟಾರ್ಟ್ ಡೀಫಾಲ್ಟ್. ವಿಎಂವೇರ್‌ನಲ್ಲಿ ವಿಎಂನೆಟ್8 ನ್ಯಾಟ್, ವಿಎಂನೆಟ್1 ಹೋಸ್ಟ್-ಓನ್ಲಿ.

ಇಷ್ಟಾದರೂ ಬಗೆಹರಿಯದಿದ್ದರೆ ನನಗೆ ಬರೆಯಿರಿ. ಆದರೆ ಬರೆಯುವಾಗ ಮೋಡ್ ಯಾವುದು, ಲಿನಕ್ಸ್ ಯಾವುದು, ಎಷ್ಟನೇ ಹಂತದಲ್ಲಿ ನಿಂತಿತು ಎಂದು ಹೇಳಿ. ಜೊತೆಗೆ ಐಪಿ ಅಡ್ರೆಸ್, ಐಪಿ ರೂಟ್, ರಿಸಾಲ್ವ್‌ಸಿಟಿಎಲ್ ಸ್ಟೇಟಸ್, ಈ ಮೂರರ ಉತ್ತರವನ್ನು ಪೂರ್ತಿ ಕಳಿಸಿ. ಸ್ಕ್ರೀನ್‌ಶಾಟ್ ಆದರೂ ಸರಿ. ಲ್ಯಾಪ್‌ಟಾಪ್ ಪರದೆಗೆ ಫೋನ್ ಹಿಡಿದು ಓರೆಯಾಗಿ ತೆಗೆದ ಫೋಟೋ ಮಾತ್ರ ಬೇಡ, ಅದರಲ್ಲಿ 3 ಯಾವುದು 8 ಯಾವುದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.